ಯೋಜನೆಗಳು ಅಂಗಳದವರೆಗೆ, ಮುಂದಿನ ಹೆಜ್ಜೆ ಯಾರದು?

ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ಶಾಲೆಗಳ ಗೋಡೆಗಳ ಮೇಲೆ, ರೈಲು ನಿಲ್ದಾಣಗಳಲ್ಲಿ, ಸರ್ಕಾರಿ ಕಚೇರಿಗಳ ಫಲಕಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. 1996ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಆರಂಭಗೊಂಡ ಈ ಸೇವೆ ಕ್ರಮೇಣ ದೇಶದ ನೂರಾರು ಜಿಲ್ಲೆಗಳಿಗೆ ಹಬ್ಬಿತು. ಕರೆ ಬಂದ ಸ್ಥಳಕ್ಕೆ ಧಾವಿಸುತ್ತಿದ್ದವರು ಬಹುಮಟ್ಟಿಗೆ ಆಯಾ ಜಿಲ್ಲೆಯ ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು. 2023ರಲ್ಲಿ ಈ ಸೇವೆಯನ್ನು ಹಂತಹಂತವಾಗಿ ಸರ್ಕಾರವೇ ವಹಿಸಿಕೊಂಡು, 112 ಎಂಬ ತುರ್ತು ಕರೆ ವ್ಯವಸ್ಥೆಯೊಂದಿಗೆ ಜೋಡಿಸಿತು. ಸಂಖ್ಯೆ ಅದೇ ಉಳಿಯಿತು. ಅದರ ಹಿಂದೆ ದುಡಿಯುವ ಕೈಗಳು ಬದಲಾದವು.

ಈ ಬದಲಾವಣೆಯ ಕುರಿತು ಎರಡು ಅಭಿಪ್ರಾಯಗಳಿವೆ. ಮಕ್ಕಳ ರಕ್ಷಣೆ ಪ್ರಭುತ್ವದ ಪ್ರಥಮ ಹೊಣೆಗಳಲ್ಲೊಂದು. ಅನುದಾನದ ಕಂತಿಗಾಗಿ ಕಾದು ಕುಳಿತಿರುವ ಸಂಸ್ಥೆಗಳ ಹೆಗಲಿಗೆ ಅದನ್ನು ಹೊರಿಸಿ ಸರ್ಕಾರ ಕೈತೊಳೆದುಕೊಳ್ಳಲಾಗದು ಎನ್ನುವವರು ಒಂದು ಕಡೆ. ಹೆದರಿದ ಮಗು ಅಧಿಕಾರಿಯ ದನಿಗಿಂತ ಅಕ್ಕನ ದನಿಗೆ ಬೇಗ ಓಗೊಡುತ್ತದೆ. ವರ್ಷಗಳ ಪರಿಶ್ರಮದಿಂದ ಆ ಕಾರ್ಯಕರ್ತರು ಗಳಿಸಿದ್ದ ಅನುಭವ ಕೈಬಿಟ್ಟು ಹೋದದ್ದು ನಷ್ಟವೇ ಸರಿ ಎನ್ನುವವರು ಇನ್ನೊಂದು ಕಡೆ. ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಎರಡೂ ವಾದಗಳು ಕರೆ ಬಂದ ನಂತರದ ಮಾತನ್ನಾಡುತ್ತವೆ. ಆ ಕರೆ ಮಾಡುವವರು ಯಾರು?

ಐದು ವರ್ಷದ ಕೂಸು ದೂರವಾಣಿ ಎತ್ತಲಾರದು. ಹದಿಮೂರರ ಬಾಲಕಿ ಎತ್ತಿದರೂ ಹೇಳಲು ಮಾತು ಹೊರಡದು. ಆ ಮಗುವಿನ ಸಮೀಪದಲ್ಲಿರುವ ಯಾರಾದರೊಬ್ಬರು ಮೊದಲು ನೋಡಿರಬೇಕು, ನೋಡಿದ್ದನ್ನು ಅರ್ಥಮಾಡಿಕೊಂಡಿರಬೇಕು, ಅರ್ಥವಾದುದನ್ನು ಹೇಳುವ ಧೈರ್ಯ ಮಾಡಿರಬೇಕು. ಈ ಮೂರು ಕಾರ್ಯಗಳನ್ನು ದೂರದಲ್ಲಿ ಕುಳಿತು ಯಾವ ಸರ್ಕಾರವೂ ಮಾಡಲಾರದು, ಯಾವ ಸಂಸ್ಥೆಯೂ ಮಾಡಲಾರದು. ಅವು ನೆರೆಹೊರೆಯ ಕಾರ್ಯಗಳು. ನೆರೆಹೊರೆಗೆ ಆ ಸಾಮರ್ಥ್ಯ ಇಂದು ಉಳಿದಿದೆಯೇ, ಕುಂದಿದ್ದರೆ ಅದನ್ನು ಮರಳಿ ಕಟ್ಟುವ ಬಗೆ ಯಾವುದು ಎಂಬುದೇ ಈ ವಾರ ನಾವು ಪರಿಶೀಲಿಸಬಯಸುವ ವಿಷಯ.

ಐದು ದಶಕಗಳ ನಡಿಗೆ

ಸರ್ಕಾರ ಏನನ್ನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾದೀತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸ್ಥಾನಗಳು ಪಾಲಕರಿಗೆ, ಒಟ್ಟಾರೆ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಸಲ್ಲಬೇಕೆಂದು ವಿಧಿಸಿತು.

ರಕ್ಷಣೆಯ ವಿಷಯದಲ್ಲೂ ಹೀಗೆಯೇ. 2009ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆ, 2012ರಲ್ಲಿ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯಿದೆ, 2015ರಲ್ಲಿ ಹೊಸ ಬಾಲನ್ಯಾಯ ಕಾಯಿದೆ, 2022ರಲ್ಲಿ ಮಿಷನ್ ವಾತ್ಸಲ್ಯದ ಮಾರ್ಗಸೂಚಿ ಬಂದವು. ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಅಧ್ಯಕ್ಷರೊಬ್ಬರು ಹಾಗೂ ನಾಲ್ವರು ಸದಸ್ಯರಿರುವ ಮಕ್ಕಳ ಕಲ್ಯಾಣ ಸಮಿತಿಯಿರಬೇಕು. ಅದರೊಂದಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿರಬೇಕು. ಗ್ರಾಮ ಪಂಚಾಯತಿ ಮಟ್ಟದಲ್ಲಿಯೂ ಮಕ್ಕಳ ರಕ್ಷಣೆಗೆ ಸಮಿತಿಯಿರಬೇಕೆಂಬುದು ಯೋಜನೆಯ ಆಶಯ. 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಅಭಿಯಾನ ಗ್ರಾಮ ಪಂಚಾಯತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆಯಿತು. ದುಡಿಯುವ ತಾಯಂದಿರ ಹಸುಗೂಸುಗಳಿಗಾಗಿ 2023-24ರ ಆಯವ್ಯಯದಲ್ಲಿ ರಾಜ್ಯ ಸರ್ಕಾರ 4,000 'ಕೂಸಿನ ಮನೆ'ಗಳನ್ನು ಘೋಷಿಸಿತು. ಒಂದು ಮಗು ಹುಟ್ಟಿದಂದಿನಿಂದ ಅದಕ್ಕೆ ಹದಿನೆಂಟು ತುಂಬುವ ತನಕ ಅದರ ಸುತ್ತ ಇಷ್ಟೊಂದು ಬೇಲಿಗಳನ್ನು ಹೆಣೆದ ಕಾಲ ಹಿಂದೆಂದೂ ಇರಲಿಲ್ಲ.

ಹಾಗಿದ್ದೂ ಫಲವೇನು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತು 2015-16ರಲ್ಲಿಯೂ ಐದನೆಯ ಸುತ್ತು 2019-21ರಲ್ಲಿಯೂ ನಡೆದವು. ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಮಹಿಳೆಯರಲ್ಲಿ ಹದಿನೆಂಟು ತುಂಬುವ ಮುನ್ನವೇ ಮದುವೆಯಾದವರ ಪ್ರಮಾಣ ಕರ್ನಾಟಕದಲ್ಲಿ ಮೊದಲು ಶೇಕಡಾ 21.4 ಇದ್ದುದು ನಂತರ 21.3 ಆಯಿತು. ಇದೇ ಅವಧಿಯಲ್ಲಿ ದೇಶದ ಸರಾಸರಿ ಶೇಕಡಾ 26.8ರಿಂದ 23.3ಕ್ಕೆ ಇಳಿದಿತ್ತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳು ನಮ್ಮಲ್ಲಿ ಶೇಕಡಾ 36.2ರಿಂದ 35.4ಕ್ಕೆ ಇಳಿದರು. ರಕ್ತಹೀನತೆಯಿಂದ ಬಳಲುವ ಮಕ್ಕಳ ಪ್ರಮಾಣವಾದರೋ ಶೇಕಡಾ 60.9ರಿಂದ 65.5ಕ್ಕೆ ಏರಿತು.

ಅಂಕಿಗಳನ್ನು ಎಚ್ಚರದಿಂದ ಓದಬೇಕು. ಐದನೆಯ ಸುತ್ತಿನಲ್ಲಿ ಲೆಕ್ಕಕ್ಕೆ ಸಿಕ್ಕ ಆ ಮಹಿಳೆಯರಲ್ಲಿ ಬಹುಪಾಲು ಜನ ಹದಿನೆಂಟು ದಾಟಿದ್ದು ಸಮೀಕ್ಷೆಗೆ ಹಲವು ವರ್ಷಗಳ ಹಿಂದೆ; ಆದ್ದರಿಂದ ಇತ್ತೀಚಿನ ಕಾನೂನು ಕ್ರಮಗಳ ಪರಿಣಾಮ ಅದರಲ್ಲಿ ಪೂರ್ಣವಾಗಿ ಕಾಣದು. ಆದರೂ ಒಂದು ಮಾತು ನಿರ್ವಿವಾದ. ಯೋಜನೆಗಳು ಬೆಳೆದ ವೇಗದಲ್ಲಿ ಮಕ್ಕಳ ಸ್ಥಿತಿ ಸುಧಾರಿಸಿಲ್ಲ.

ಬಾಲ್ಯವಿವಾಹದ ಉದಾಹರಣೆಯನ್ನೇ ನೋಡೋಣ. ಅದು ಕತ್ತಲೆಯಲ್ಲಿ ನಡೆಯುವ ಅಪರಾಧವಲ್ಲ. ಅದಕ್ಕೆ ಚಪ್ಪರ ಬೇಕು, ಅಡುಗೆಯವರು ಬೇಕು, ವಾಲಗದವರು ಬೇಕು, ಆಮಂತ್ರಣ ಪತ್ರಿಕೆಯನ್ನು ಅಚ್ಚು ಮಾಡುವವರು ಬೇಕು, ಉಂಡು ಹರಸುವ ನೆಂಟರು ಬೇಕು. ಪಂಚಾಯತಿ ಅಭಿವೃದ್ಧಿ ಅಧಿಕಾರಿಯೂ ಸೇರಿದಂತೆ ಹಲವು ಇಲಾಖೆಗಳ ಅಧಿಕಾರಿಗಳನ್ನು ಬಾಲ್ಯವಿವಾಹ ನಿಷೇಧಾಧಿಕಾರಿಗಳೆಂದು ನಮ್ಮ ರಾಜ್ಯದಲ್ಲಿ ಹೆಸರಿಸಲಾಗಿದೆ. ಆದರೆ ಹುಡುಗಿಯ ವಯಸ್ಸು ಹದಿನಾರೆಂದು ಬಲ್ಲ ನೂರು ಜನರಲ್ಲಿ ಒಬ್ಬರೂ ಬಾಯಿ ಬಿಡದಿದ್ದರೆ ಅಧಿಕಾರಿ ತಾನೇ ಏನು ಮಾಡಿಯಾನು? ಯೋಜನೆ ಅಂಗಳದವರೆಗೆ ಬಂದು ನಿಂತಿದೆ. ಅಂಗಳದಿಂದ ಹೊಸ್ತಿಲಿಗೆ ಇರುವ ನಾಲ್ಕು ಹೆಜ್ಜೆಯನ್ನು ನೆರೆಯವರೇ ನಡೆಯಬೇಕು.

ಮನೆಗೂ ರಾಜ್ಯಕ್ಕೂ ನಡುವೆ

ಅರಿಸ್ಟಾಟಲನು ರಾಜನೀತಿಯನ್ನು ಕುರಿತ ತನ್ನ ಗ್ರಂಥದ ಆರಂಭದಲ್ಲಿ ಮಾನವ ಸಮಾಜ ಬೆಳೆಯುವ ಕ್ರಮವನ್ನು ಮೂರು ಹಂತಗಳಲ್ಲಿ ವಿವರಿಸುತ್ತಾನೆ. ಮೊದಲು ಮನೆ, ಮನೆಗಳು ಕೂಡಿ ಊರು, ಊರುಗಳು ಕೂಡಿ ನಗರರಾಜ್ಯ. ನಮ್ಮ ಕಾಲದಲ್ಲಿ ಮೊದಲನೆಯದೂ ಮೂರನೆಯದೂ ಉಳಿದುಕೊಂಡು ನಡುವಿನದು ಸವೆದುಹೋಗಿದೆ. ಮನೆಗಳು ಚಿಕ್ಕವಾಗಿವೆ, ರಾಜ್ಯ ದೊಡ್ಡದಾಗಿದೆ, ಊರು ಮಾತ್ರ ಅಂಚೆಯ ವಿಳಾಸವಾಗಿ ಉಳಿದಿದೆ. ನಾಟಿಯ ದಿನಗಳಲ್ಲಿ ಮುಯ್ಯಾಳಾಗಿ ಬಂದು ದುಡಿಯುತ್ತಿದ್ದ ನೆರೆಯವರಿಗೆ ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ಮಗುವಿಗೆ ಜ್ವರ ಎಂಬುದು ಕೇಳದೆಯೇ ತಿಳಿಯುತ್ತಿತ್ತು. ಇಂದು ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ತಂದೆ ಕೊಲ್ಲಿ ರಾಷ್ಟ್ರದಲ್ಲಿ, ತಾಯಿ ನಗರದ ಕೆಲಸದಲ್ಲಿ, ಮಗು ಅಜ್ಜಿಯ ಮಡಿಲಲ್ಲಿ. ಅಜ್ಜಿಗೆ ಮೊಮ್ಮಗನ ಮೊಬೈಲಿನೊಳಗೆ ಏನಿದೆಯೆಂದು ತಿಳಿಯದು. ಎದುರು ಮನೆಯವರಿಗೆ ಅಜ್ಜಿಯ ಹೆಸರೇ ತಿಳಿಯದು.

ಹಳೆಯ ಊರನ್ನು ಹೊಗಳಿ ಹಾಡುವುದು ನಮ್ಮ ಉದ್ದೇಶವಲ್ಲ. ಆ ಊರಿನಲ್ಲಿ ಕೆಲವು ಮಕ್ಕಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಜಾತಿಯ ಗೆರೆ ದಾಟಿ ನೀರು ಸೇದಲಾಗದ ಮಗು, ಸಾಲಕ್ಕೆ ಜೀತವಿದ್ದ ಮಗು, ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗು ಅದೇ ಊರಿನ ಮಕ್ಕಳಾಗಿದ್ದರು. ಆದ್ದರಿಂದ ನಾವು ಮರಳಿ ಕಟ್ಟಬೇಕಾದ ನೆರೆಹೊರೆ ಹಳೆಯದರ ಪಡಿಯಚ್ಚಾಗಿರಬಾರದು. ಅದರ ಆತ್ಮೀಯತೆಯನ್ನು ಉಳಿಸಿಕೊಂಡು, ಅದರ ತಾರತಮ್ಯವನ್ನು ಕಳೆದುಕೊಂಡ ನೆರೆಹೊರೆ ನಮಗೆ ಬೇಕು.

ಈ ಸಂದರ್ಭದಲ್ಲಿ ಧರ್ಮಸಭೆಯ ಸಾಮಾಜಿಕ ಬೋಧನೆಯ ಒಂದು ತತ್ವ ನಮಗೆ ದಾರಿ ತೋರಬಲ್ಲದು. 1931ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಅವರು 'ಕ್ವಾದ್ರಜೆಸಿಮೊ ಆನ್ನೊ' ಎಂಬ ವಿಶ್ವಪತ್ರದಲ್ಲಿ ಪೂರಕತೆಯ ತತ್ವವನ್ನು ಸ್ಪಷ್ಟವಾಗಿ ನಿರೂಪಿಸಿದರು. ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕಾರ್ಯವನ್ನು ದೊಡ್ಡ ಸಂಸ್ಥೆ ಕಸಿದುಕೊಳ್ಳಬಾರದೆಂಬುದು ಅದರ ತಿರುಳು. ಇದನ್ನು ಕೆಲವರು ಸರ್ಕಾರ ದೂರವಿರಲಿ ಎಂಬ ಅರ್ಥದಲ್ಲಿ ಬಳಸುವುದುಂಟು. ಅದು ಅರ್ಧ ಸತ್ಯ. ಆ ತತ್ವದ ಲ್ಯಾಟಿನ್ ಹೆಸರಿನ ಮೂಲದಲ್ಲಿರುವ ಪದಕ್ಕೆ ನೆರವು ಎಂದೇ ಅರ್ಥ. ಮುಂಚೂಣಿಯ ಸೈನಿಕರ ಹಿಂದೆ ಸಿದ್ಧವಾಗಿ ನಿಂತ ಬೆಂಬಲ ಪಡೆಗೆ ರೋಮನರು ಅದನ್ನು ಬಳಸುತ್ತಿದ್ದರು. ಹಿಂದಿನ ಪಡೆ ಓಡಿಹೋದರೆ ಮುಂದಿನವರು ಸೋಲುತ್ತಾರೆ. ಮುಂದಿನವರೇ ಇಲ್ಲದಿದ್ದರೆ ಹಿಂದಿನ ಪಡೆ ಯಾರಿಗೆ ಬೆಂಬಲ ನೀಡಬೇಕು? ಸರ್ಕಾರ ಮತ್ತು ನೆರೆಹೊರೆಗಳ ಸಂಬಂಧವೂ ಇದೇ ಬಗೆಯದು.

ಸಾಮರ್ಥ್ಯವೆಂದರೆ ಹಣವೆಂದೂ ಕಟ್ಟಡವೆಂದೂ ತಿಳಿಯುವುದು ನಮ್ಮಲ್ಲಿ ರೂಢಿ. ಅರಿಸ್ಟಾಟಲನೇ ತನ್ನ ನೀತಿಶಾಸ್ತ್ರದಲ್ಲಿ ತೋರಿಸಿಕೊಟ್ಟಂತೆ, ಕೆಲವು ಸಾಮರ್ಥ್ಯಗಳು ದಾನವಾಗಿ ದೊರೆಯುವುದಿಲ್ಲ. ಮಾಡುತ್ತ ಮಾಡುತ್ತಲೇ ಮೈಗೂಡುತ್ತವೆ. ಮಕ್ಕಳನ್ನು ನೋಡುವ, ಕೇಳುವ, ಅವರ ಪರವಾಗಿ ಮಾತನಾಡುವ ಸಾಮರ್ಥ್ಯ ಅಂಥದು. ವರ್ಷಕ್ಕೊಮ್ಮೆ ತಜ್ಞರನ್ನು ಕರೆಸಿ ಭಾಷಣ ಮಾಡಿಸಿ, ಶಾಲು ಹೊದಿಸಿ ಕಳುಹಿಸುವುದರಿಂದ ಅದು ಬರುವುದಿಲ್ಲ. ತಿಂಗಳು ತಿಂಗಳು ಸಣ್ಣದಾಗಿ ಮಾಡುವ ಕೆಲಸದಿಂದ ಬರುತ್ತದೆ.

ಮಕ್ಕಳ ಮಾತಿಗೆ ಸ್ಥಾನ

ನೋಡುವ ಕೆಲಸ ಮಕ್ಕಳನ್ನೇ ಕೇಳುವುದರಿಂದ ಆರಂಭವಾಗಬೇಕು. ಇದಕ್ಕೆ ದೂರದ ದೇಶಗಳ ಮಾದರಿ ಬೇಕಿಲ್ಲ. ನಮ್ಮ ಕುಂದಾಪುರ ತಾಲ್ಲೂಕಿನಲ್ಲಿ 1995ರಿಂದ ನಡೆದ ಪ್ರಯೋಗವೊಂದು ದೇಶದ ಗಮನ ಸೆಳೆದಿದೆ. 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಎಂಬ ಸಂಸ್ಥೆಯೂ ದುಡಿಯುವ ಮಕ್ಕಳೇ 1990ರಲ್ಲಿ ಕಟ್ಟಿಕೊಂಡ 'ಭೀಮ ಸಂಘ'ವೂ ಸೇರಿ ಅಲ್ಲಿ ಮಕ್ಕಳ ಪಂಚಾಯತಿಗಳನ್ನು ಆರಂಭಿಸಿದವು. ಮಕ್ಕಳು ತಮ್ಮ ಪ್ರತಿನಿಧಿಗಳನ್ನು ತಾವೇ ಚುನಾಯಿಸಿದರು. ತಮ್ಮ ಊರಿನ ಸಂಗತಿಗಳನ್ನು ತಾವೇ ಕಲೆಹಾಕಿ ದೊಡ್ಡವರ ಪಂಚಾಯತಿಯ ಮುಂದಿಟ್ಟರು. ತಮಗೆ ನಂಬಿಕೆಯಿದ್ದ ಹಿರಿಯರೊಬ್ಬರನ್ನು 'ಮಕ್ಕಳ ಮಿತ್ರ'ರೆಂದು ಆರಿಸಿಕೊಂಡರು. ಮಕ್ಕಳ ಮೇಲೆ ರಕ್ಷಕನನ್ನು ಹೇರದೆ ಅವನನ್ನು ಆರಿಸುವ ಅಧಿಕಾರವನ್ನು ಮಕ್ಕಳಿಗೇ ಕೊಟ್ಟದ್ದು ಆ ಪ್ರಯೋಗದ ಹಿರಿಮೆ. ಮುಂದೆ ರಾಜ್ಯ ಸರ್ಕಾರವೂ ಸುತ್ತೋಲೆಗಳ ಮೂಲಕ ಗ್ರಾಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುವಂತೆ ಸೂಚಿಸಿತು. ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೆಯ ವಿಧಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಾತನಾಡುವ ಹಕ್ಕು ಮಕ್ಕಳಿಗಿದೆಯೆಂದು ಹೇಳುತ್ತದೆ.

ಮಕ್ಕಳು ಸಭೆಯಲ್ಲಿ ಹೇಳುವುದು ಚಿಕ್ಕ ಮಾತುಗಳೆಂದು ನಗುವವರುಂಟು. ತೊರೆಗೆ ಅಡ್ಡಲಾಗಿ ಹಾಕಿದ ಕಾಲುಸಂಕ ಮಳೆಗಾಲದಲ್ಲಿ ಜಾರುತ್ತದೆ, ಶಾಲೆಯ ದಾರಿಯ ತಿರುವಿನಲ್ಲಿ ಕುಡುಕರು ಕುಳಿತಿರುತ್ತಾರೆ, ಶೌಚಾಲಯಕ್ಕೆ ಚಿಲಕವಿಲ್ಲ ಎಂಬಂಥ ಮಾತುಗಳು ಅವು. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಕಾಲುಸಂಕ ಜಾರುತ್ತದೆಂಬುದು ಅದರ ಮೇಲೆ ದಿನವೂ ನಡೆಯುವ ಮಕ್ಕಳಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ಮಕ್ಕಳ ಗ್ರಾಮಸಭೆಯನ್ನು ಗುಂಪು ಛಾಯಾಚಿತ್ರಕ್ಕಾಗಿ ಅರ್ಧ ಗಂಟೆಯಲ್ಲಿ ಮುಗಿಸುವ ಪಂಚಾಯತಿ ತನ್ನ ಊರಿನ ಅತ್ಯಂತ ವಿಶ್ವಾಸಾರ್ಹ ಸಾಕ್ಷಿಗಳನ್ನು ಹೊರಗೆ ನಿಲ್ಲಿಸಿದಂತೆಯೇ ಸರಿ. ನಮ್ಮ ಓದುಗರಲ್ಲಿ ಎಷ್ಟು ಮಂದಿ ತಮ್ಮ ಊರಿನ ಮಕ್ಕಳ ಗ್ರಾಮಸಭೆ ಯಾವ ದಿನ ನಡೆಯುತ್ತದೆಂದು ಬಲ್ಲರು?

ಮಗು ಮನೆಯಲ್ಲೇ ಬೆಳೆಯಲಿ

ಕಥೋಲಿಕ ಸಮುದಾಯಕ್ಕೆ ಈ ವಿಷಯದಲ್ಲಿ ದೀರ್ಘ ಪರಂಪರೆಯಿದೆ. ಕ್ಷಾಮ, ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಯಾರೂ ಕೈಚಾಚದ ಮಕ್ಕಳನ್ನು ನಮ್ಮ ಧರ್ಮಭಗಿನಿಯರು ಎತ್ತಿಕೊಂಡು ಅನಾಥಾಲಯಗಳನ್ನು ಕಟ್ಟಿದರು, ವಿದ್ಯಾರ್ಥಿನಿಲಯಗಳನ್ನು ನಡೆಸಿದರು. ಆ ಸೇವೆಯ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಂದಿನ ಕಾನೂನೂ ಮಕ್ಕಳ ಮನೋವಿಜ್ಞಾನವೂ ಒಂದು ಹೆಜ್ಜೆ ಮುಂದೆ ಹೋಗಿವೆ. ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯ ಎಂಬುದನ್ನು 2015ರ ಬಾಲನ್ಯಾಯ ಕಾಯಿದೆ ತನ್ನ ಮೂಲತತ್ವಗಳಲ್ಲಿ ಸೇರಿಸಿದೆ.

ಬಡತನದ ಏಕೈಕ ಕಾರಣದಿಂದ ಮಗುವನ್ನು ತಾಯಿಯಿಂದ ಬೇರ್ಪಡಿಸಬೇಕಾಗಿ ಬಂದರೆ ಅದು ತಾಯಿಯ ಸೋಲಲ್ಲ, ಅವಳ ಸುತ್ತಲಿರುವ ನಮ್ಮೆಲ್ಲರ ಸೋಲು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿಗಳ ನೆರವಿಗೆ ಅವಕಾಶವಿದೆ. ತಾಯಿ ವಿಧವೆಯಾಗಿದ್ದರೆ, ಗಂಡನಿಂದ ಪರಿತ್ಯಕ್ತಳಾಗಿದ್ದರೆ, ತಂದೆತಾಯಿಗಳು ಮಾರಕ ರೋಗಕ್ಕೆ ತುತ್ತಾಗಿದ್ದರೆ, ಅನಾಥ ಮಗು ಅಜ್ಜ ಅಜ್ಜಿಯರ ಬಳಿ ಬೆಳೆಯುತ್ತಿದ್ದರೆ, ಕುಟುಂಬದ ಆದಾಯ ಮಿತಿಯೊಳಗಿದ್ದಲ್ಲಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಸಲ್ಲಿಸಬಹುದು. ಅರ್ಜಿಗೆ ದಾಖಲೆಗಳು ಬೇಕು. ಗಂಡನ ಮರಣ ಪ್ರಮಾಣಪತ್ರ, ಆದಾಯ ಪತ್ರ, ಬ್ಯಾಂಕ್ ಖಾತೆ ಎಂದು ಕಚೇರಿಯಿಂದ ಕಚೇರಿಗೆ ಅಲೆಯಲು ಕೂಲಿ ಮಾಡುವ ವಿಧವೆಗೆ ದಿನಗಳೆಲ್ಲಿ? ಒಂದು ದಿನ ಅವಳೊಂದಿಗೆ ತಾಲ್ಲೂಕು ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಬಲ್ಲ ನಿವೃತ್ತ ಶಿಕ್ಷಕರೊಬ್ಬರು ಆ ಮಗುವಿನ ಪಾಲಿಗೆ ಒಂದು ಹೊಸ ಕಟ್ಟಡಕ್ಕಿಂತ ದೊಡ್ಡ ಆಸ್ತಿ. ಎಷ್ಟು ಮಕ್ಕಳಿಗೆ ನಾವು ಆಶ್ರಯ ಕೊಟ್ಟೆವು ಎಂಬ ಲೆಕ್ಕದ ಜೊತೆಗೆ, ಎಷ್ಟು ಮಕ್ಕಳು ಆಶ್ರಯ ಹುಡುಕಿ ಮನೆ ಬಿಡಬೇಕಾಗಲಿಲ್ಲ ಎಂಬ ಲೆಕ್ಕವನ್ನೂ ನಾವು ಇಡತೊಡಗಬೇಕು.

ಮರ್ಯಾದೆಯ ಹೆಸರಿನ ಮೌನ

ಇಲ್ಲಿಯವರೆಗೆ ನೆರೆಹೊರೆಯ ಬಲವನ್ನು ಹೊಗಳಿದೆವು. ಅದೇ ಬಲ ಮಗುವಿನ ವಿರುದ್ಧವೂ ತಿರುಗಬಲ್ಲದೆಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ನೆರೆಹೊರೆ ಎಲ್ಲವನ್ನೂ ಬಲ್ಲದು, ಆದರೆ ಕೆಲವೊಮ್ಮೆ ಬಲ್ಲದ್ದನ್ನು ಮುಚ್ಚಿಡಲು ಒಂದಾಗುತ್ತದೆ. ಮನೆತನದ ಮರ್ಯಾದೆ, ಶಾಲೆಯ ಹೆಸರು, ಸಮುದಾಯದ ಗೌರವ ಎಂಬ ಮಾತುಗಳು ಮುಂದೆ ಬರುತ್ತವೆ. ಹಿರಿಯರು ಕುಳಿತು ರಾಜಿ ಮಾಡಿಸುತ್ತಾರೆ. ಆ ಪಂಚಾಯಿತಿಕೆಯಲ್ಲಿ ಮಗುವಿಗೆ ಮಾತ್ರ ಆಸನವಿರುವುದಿಲ್ಲ.

ಪೋಕ್ಸೊ ಕಾಯಿದೆ ಈ ರಾಜಿಗೆ ಎಡೆಕೊಡುವುದಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಕಲಮು ಹೇಳುತ್ತದೆ. ತಿಳಿಸದಿರುವುದು 21ನೆಯ ಕಲಮಿನ ಪ್ರಕಾರ ಅಪರಾಧ. ಸಂಸ್ಥೆಯೊಂದರ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯೂ ಇದೆ. ಧರ್ಮಗುರುವಿಗಾಗಲಿ, ಮುಖ್ಯೋಪಾಧ್ಯಾಯರಿಗಾಗಲಿ, ಮನೆಯ ಯಜಮಾನನಿಗಾಗಲಿ ಇಲ್ಲಿ ಪ್ರತ್ಯೇಕ ನಿಯಮವಿಲ್ಲ. ಧರ್ಮಸಭೆಯೊಳಗೂ ಇಂಥ ವಿಷಯಗಳನ್ನು ಮುಚ್ಚಿಡದೆ ವರದಿ ಮಾಡುವುದು ಕರ್ತವ್ಯವೆಂದು ಪೋಪ್ ಫ್ರಾನ್ಸಿಸ್ ಅವರು 2019ರಲ್ಲಿ ವಿಧಿಸಿ, 2023ರಲ್ಲಿ ಅದನ್ನು ಶಾಶ್ವತ ನಿಯಮವನ್ನಾಗಿ ಮಾಡಿದರು. ಸಂಸ್ಥೆಯ ಹೆಸರು ಉಳಿಯಬೇಕೆಂದು ಮಗುವಿನ ಬಾಯಿ ಮುಚ್ಚಿಸುವ ಸಮುದಾಯ ಕೊನೆಗೆ ಎರಡನ್ನೂ ಕಳೆದುಕೊಳ್ಳುತ್ತದೆ. ನಮ್ಮ ಶಾಲೆ, ನಮ್ಮ ಧರ್ಮಕೇಂದ್ರ, ನಮ್ಮ ಕುಟುಂಬ ಇವು ಯಾವುವೂ ಈ ಮಾತಿಗೆ ಹೊರತಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಮೌನದ ಇನ್ನೊಂದು ರೂಪ ಹರೆಯದವರ ಮೇಲೆ ಎರಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡರು. ಪ್ರತಿಯೊಂದು ಮರಣಕ್ಕೂ ಕಾರಣಗಳು ಹಲವು. ಪರೀಕ್ಷೆಯೊಂದನ್ನೇ ದೂಷಿಸಿ ಪಾರಾಗುವುದು ಸರಿಯಲ್ಲ. ಆದರೆ ಅಂಕಪಟ್ಟಿ ಬಂದ ದಿನ ಮಗನನ್ನು ಎದುರು ಮನೆಯ ಹುಡುಗನೊಂದಿಗೆ ಹೋಲಿಸುವ ನಾವು, ಅವನ ಮುಖ ಬಾಡಿದ್ದನ್ನು ವಾರಗಟ್ಟಲೆ ಗಮನಿಸದೆ ಇರುತ್ತೇವೆ. ಮನಸ್ಸಿನ ಬೇಗೆಯನ್ನು ಹೇಳಿಕೊಳ್ಳುವುದು ನಾಚಿಕೆಯ ಸಂಗತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯ ಮೂಲಕ ಯಾವ ಹೊತ್ತಿನಲ್ಲಿಯಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆ ಪ್ರತಿ ಮನೆಯ ಪಂಚಾಂಗದ ಪಕ್ಕದಲ್ಲಿ ಬರೆದಿರಲಿ.

ನಮ್ಮ ವಾಳೆಗಳಿಂದ ಆರಂಭ

ಹಾಗಾದರೆ ಮಾಡಬೇಕಾದುದೇನು? ಹೊಸ ಸಂಘ ಕಟ್ಟಿ, ಹೊಸ ಪದಾಧಿಕಾರಿಗಳನ್ನು ಆರಿಸಿ, ಹೊಸ ಫಲಕ ತೂಗುಹಾಕುವ ಅಗತ್ಯವಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ವಾಳೆಗಳಿವೆ, ಗುರಿಕಾರರಿದ್ದಾರೆ, ಕಿರು ಕ್ರೈಸ್ತ ಸಮುದಾಯಗಳ ಕೂಟಗಳು ನಡೆಯುತ್ತವೆ, ಮಹಿಳೆಯರ ಮತ್ತು ಯುವಜನರ ಸಂಘಟನೆಗಳಿವೆ. ಇವೆಲ್ಲವೂ ಹಬ್ಬದ ದಿನ ಪೆಂಡಾಲು ಹಾಕುವುದಕ್ಕೆ, ವಂತಿಗೆ ಎತ್ತುವುದಕ್ಕೆ ಸಮರ್ಥವಾಗಿವೆಯೆಂದು ಪ್ರತಿ ವರ್ಷವೂ ಸಾಬೀತಾಗುತ್ತಿದೆ. ಅದೇ ಸಾಮರ್ಥ್ಯಕ್ಕೆ ಇನ್ನೊಂದು ಕೆಲಸವನ್ನು ಒಪ್ಪಿಸಿದರೆ ಸಾಕು.

ಮೊದಲನೆಯದಾಗಿ, ಪ್ರತಿ ವಾಳೆಯಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ಪುರುಷ ಮಕ್ಕಳ ವಿಷಯಕ್ಕೆಂದೇ ಹೊಣೆ ಹೊರಲಿ. ಅವರನ್ನು ಆರಿಸುವಾಗ ಮಕ್ಕಳ ಅಭಿಪ್ರಾಯವನ್ನೂ ಕೇಳೋಣ. ಶಾಲೆ ಬಿಟ್ಟ ಮಗು, ಅಂಗವೈಕಲ್ಯವಿರುವ ಮಗು, ತಂದೆತಾಯಿ ಪರವೂರಿನಲ್ಲಿರುವ ಮಗು ಎಲ್ಲೆಲ್ಲಿದ್ದಾರೆಂಬುದು ಅವರಿಗೆ ತಿಳಿದಿರಲಿ. ತಿಳಿದದ್ದು ಬಾಯಿಂದ ಬಾಯಿಗೆ ಹರಡದಿರಲಿ. ಕಾಳಜಿಗೂ ಚಾಡಿಗೂ ಇರುವ ಅಂತರ ಕೂದಲೆಳೆಯಷ್ಟು. ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಕೂಡದೆಂಬ ನಿಯಮ ಅವರಿಗೂ ಅನ್ವಯಿಸಲಿ. ಇನ್ನೊಂದು ಮಾತು: ವಾಳೆಯೆಂದರೆ ನಮ್ಮ ಧರ್ಮದವರ ಮನೆಗಳಷ್ಟೇ ಎಂದು ತಿಳಿಯಬಾರದು. ಬೇಲಿಯಾಚೆಯ ಹಿಂದೂ ಮನೆಯ, ಮುಸ್ಲಿಂ ಮನೆಯ, ತೋಟದ ಕೆಲಸಕ್ಕೆ ಉತ್ತರದಿಂದ ಬಂದ ಕೂಲಿಕಾರರ ಬಿಡಾರದ ಮಗುವೂ ನಮ್ಮ ನೆರೆಯ ಮಗುವೇ. ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರಿಯದವನ ಸಾಮತಿಯನ್ನು ಕೇಳುತ್ತ ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯದಾಗಿ, ಸರ್ಕಾರಿ ವ್ಯವಸ್ಥೆಯಲ್ಲಿ ನಮಗಾಗಿ ಕಾದಿರಿಸಿದ ಸ್ಥಾನಗಳಲ್ಲಿ ಹೋಗಿ ಕುಳಿತುಕೊಳ್ಳೋಣ. ಶಾಲಾ ಸಮಿತಿಯ ಸಭೆ, ಗ್ರಾಮಸಭೆ, ಮಕ್ಕಳ ಗ್ರಾಮಸಭೆ, ಪಂಚಾಯತಿಯ ಮಕ್ಕಳ ರಕ್ಷಣಾ ಸಮಿತಿ ಇವು ಯಾರದೋ ಸ್ವತ್ತಲ್ಲ. ಸಮಿತಿ ಸತ್ತಿದೆಯೆಂದು ದೂರುವವರು ಅದರ ಸಭೆಗೆ ಎಷ್ಟು ಸಲ ಹೋಗಿದ್ದೇವೆಂದು ಕೇಳಿಕೊಳ್ಳಲಿ. ಅಂಗನವಾಡಿ ಕಾರ್ಯಕರ್ತೆ ನಮ್ಮ ಊರಿನ ಪ್ರತಿ ಕೂಸಿನ ತೂಕ ಬಲ್ಲವಳು. ಅವಳ ಹೆಸರು ನಮಗೆ ಗೊತ್ತಿಲ್ಲದಿದ್ದರೆ ನಾಚಿಕೆ ಅವಳದಲ್ಲ.

ಮೂರನೆಯದಾಗಿ, ಯುವಜನರನ್ನು ಸಮಸ್ಯೆಯೆಂದು ಕಾಣುವುದನ್ನು ಬಿಟ್ಟು ಅವರ ಕೈಗೆ ಕೆಲಸ ಕೊಡೋಣ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರೊಡಗೂಡಿ ಕಟ್ಟಿದ ಫ್ರೆಡೆರಿಕ್ ಓಝಾನಾಮ್ ಆಗ ಇಪ್ಪತ್ತರ ವಿದ್ಯಾರ್ಥಿ. ಬಡವರ ಮನೆಗಳಿಗೆ ತಾವೇ ಹೋಗಿ ಕುಳಿತು ಮಾತನಾಡಿಸುವುದು ಆ ಯುವಕರ ವಿಧಾನವಾಗಿತ್ತು. ಆ ಸಭೆ ಇಂದಿಗೂ ಅದನ್ನು ಬಿಟ್ಟಿಲ್ಲ. ಸಂಜೆ ಪಂಚಾಯತಿ ಗ್ರಂಥಾಲಯದಲ್ಲಿ ಹತ್ತು ಮಕ್ಕಳಿಗೆ ಓದಿ ಹೇಳುವ ಪದವಿ ವಿದ್ಯಾರ್ಥಿನಿ, ಅಜ್ಜಿಗೆ ಮೊಬೈಲಿನ ಅಪಾಯಗಳನ್ನು ತಿಳಿಸುವ ಕಾಲೇಜು ಹುಡುಗ, ವಿಧವೆಯ ಅರ್ಜಿಯನ್ನು ತುಂಬಿಕೊಡುವ ತರುಣ ಇವರು ಸೇವೆ ಮಾಡುತ್ತಲೇ ತಾವೂ ಗಟ್ಟಿಯಾಗುತ್ತಾರೆ. ತನ್ನಿಂದ ಊರಿಗೆ ಪ್ರಯೋಜನವಿದೆಯೆಂದು ಅರಿತ ಹದಿನೆಂಟರ ಹುಡುಗನನ್ನು ನಿರಾಶೆ ಅಷ್ಟು ಸುಲಭವಾಗಿ ಸೆಳೆದೊಯ್ಯಲಾರದು.

ಇವಾವುವೂ ದೊಡ್ಡ ಖರ್ಚಿನ ಕೆಲಸಗಳಲ್ಲ. ದೊಡ್ಡದಾಗಿ ಬೇಕಾದದ್ದು ಬಿಡದೆ ನಡೆಸುವ ಶ್ರದ್ಧೆ. ಆರು ತಿಂಗಳು ಉತ್ಸಾಹದಿಂದ ನಡೆದು ಏಳನೆಯ ತಿಂಗಳು ನಿಂತುಹೋಗುವ ಕಾರ್ಯಕ್ರಮಗಳಿಂದ ಮಕ್ಕಳು ಕಲಿಯುವ ಪಾಠ ಒಂದೇ: ದೊಡ್ಡವರನ್ನು ನಂಬಬಾರದು. ಆದ್ದರಿಂದ ಕೈಗೆ ನಿಲುಕುವಷ್ಟನ್ನೇ ಎತ್ತಿಕೊಳ್ಳೋಣ, ಎತ್ತಿಕೊಂಡದ್ದನ್ನು ಕೆಳಗಿಡದಿರೋಣ. ಸರ್ಕಾರದ ಲೋಪಗಳನ್ನು ಎತ್ತಿ ತೋರಿಸುವ ನಮ್ಮ ಹಕ್ಕು ಹಾಗೆಯೇ ಇರಲಿ. ಖಾಲಿ ಬಿದ್ದ ಹುದ್ದೆಗಳನ್ನು, ತಡವಾಗುವ ನೆರವನ್ನು ನಾವು ಪ್ರಶ್ನಿಸಲೇಬೇಕು. ತಿಂಗಳು ತಿಂಗಳು ತಮ್ಮ ಊರಿನ ಮಕ್ಕಳಿಗಾಗಿ ಕುಳಿತು ವಿಚಾರ ಮಾಡುವವರು ಹಾಗೆ ಪ್ರಶ್ನಿಸಿದಾಗ, ಆ ಪ್ರಶ್ನೆಯನ್ನು ತಳ್ಳಿಹಾಕುವುದು ಯಾವ ಕಚೇರಿಗೂ ಸುಲಭವಲ್ಲ.

ಬರುವ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ನಡೆಯುವಾಗ ನಮ್ಮ ಮನೆಯ ಎಡಬಲದ ಐದೈದು ಮನೆಗಳ ಮಕ್ಕಳ ಹೆಸರುಗಳನ್ನು ಮನಸ್ಸಿನಲ್ಲಿ ಎಣಿಸಿ ನೋಡೋಣ. ಎಲ್ಲಿ ಎಣಿಕೆ ತಪ್ಪುವುದೋ ಆ ಮನೆಯ ಬಾಗಿಲನ್ನು ಆ ವಾರವೇ ತಟ್ಟೋಣ.